ಚಿಪ್ ತಯಾರಾಗುವ ಮೊದಲೇ ಓಡಿಸಿ ನೋಡುವ ವಿದ್ಯೆ: ಬುನಾದಿ ಹಾಕಿದ ಕ್ರಿಸ್ಟನ್ ನೈಗಾರ್ಡ್

ಹೊಸ ಚಿಪ್‌ಗಳ ಪ್ರೊಸೆಸರ್, ಮೆಮೊರಿ, ಬಸ್‌ಗಳನ್ನು ಇಂದು ಮೊದಲು ಸಾಫ್ಟ್‌ವೇರ್‌ನಲ್ಲೇ ಕಟ್ಟಿ ಓಡಿಸಿ ನೋಡುವುದುಂಟು. ತನ್ನ ಮಾಹಿತಿ, ತನ್ನ ಕೆಲಸ ಎರಡನ್ನೂ ಒಳಗಿಟ್ಟುಕೊಂಡ ಇಂಥ ಪ್ರತಿ ಘಟಕವೂ ಒಂದು ಆಬ್ಜೆಕ್ಟ್. ಬೆಂಗಳೂರು, ಹೈದರಾಬಾದ್‌ನ ಚಿಪ್ ಎಂಜಿನಿಯರ್‌ಗಳಿಗೆ ಪರಿಚಿತವಾದ ಈ ವಿಧಾನದ ಬೇರು ಇರುವುದು ನಾರ್ವೆಯಲ್ಲಿ.

1926ರಲ್ಲಿ ಓಸ್ಲೋದಲ್ಲಿ ಹುಟ್ಟಿದ ಕ್ರಿಸ್ಟನ್ ನೈಗಾರ್ಡ್ ಗಣಿತ ಓದಿದವರು. 1948ರಲ್ಲಿ ರಕ್ಷಣಾ ಸಂಶೋಧನಾ ಸಂಸ್ಥೆ ಸೇರಿ, ಪರಮಾಣು ರಿಯಾಕ್ಟರ್‌ಗೆ ಬೇಕಾದ ಲೆಕ್ಕಾಚಾರಗಳಲ್ಲಿ ತೊಡಗಿದರು. ಬಳಿಕ ಆಪರೇಷನ್ಸ್ ರಿಸರ್ಚ್ ಅವರ ಕ್ಷೇತ್ರವಾಯಿತು. ಯಂತ್ರದ ಮುಂದೆ ಕೆಲಸ ಸಾಲುಗಟ್ಟುತ್ತದೆ, ಒಂದು ಮುಗಿಯುವವರೆಗೆ ಇನ್ನೊಂದು ಕಾಯುತ್ತದೆ. ಇದನ್ನು ಬರೀ ಸಮೀಕರಣದಲ್ಲಿ ಹಿಡಿಯುವುದು ಕಷ್ಟ. ವ್ಯವಸ್ಥೆಯನ್ನು ಇದ್ದ ಹಾಗೇ ವರ್ಣಿಸುವ ಭಾಷೆಯೇ ಬೇಕೆನಿಸಿತು.

1960ರಲ್ಲಿ ನಾರ್ವೇಜಿಯನ್ ಕಂಪ್ಯೂಟಿಂಗ್ ಸೆಂಟರ್‌ಗೆ ಬಂದ ಅವರು, ಪ್ರೋಗ್ರಾಮಿಂಗ್‌ನಲ್ಲಿ ನುರಿತ ಓಲೆ-ಯೋಹಾನ್ ಡಾಲ್ ಜತೆಗೂಡಿ ಸಿಮ್ಯುಲಾ ರೂಪಿಸಿದರು. 1967ರ ಆವೃತ್ತಿಯಲ್ಲಿ ಕ್ಲಾಸ್, ಇನ್ಹೆರಿಟೆನ್ಸ್ ಬಂದವು. ಹಾರ್ಡ್‌ವೇರ್‌ನ ಉದಾಹರಣೆಯಲ್ಲೇ ಹೇಳುವುದಾದರೆ, ಮೆಮೊರಿಯನ್ನು ಒಮ್ಮೆ ವರ್ಣಿಸಿದರೆ ಸಾಕು, ಕ್ಯಾಶ್ ಮೆಮೊರಿಗೆ ವ್ಯತ್ಯಾಸಗಳನ್ನಷ್ಟೇ ಸೇರಿಸಬಹುದು.

ಮುಂದೆ ಕೇಂಬ್ರಿಡ್ಜ್‌ನಲ್ಲಿ ಪಿಎಚ್‌ಡಿ ಮಾಡುತ್ತಿದ್ದ ಬ್ಯಾರ್ನೆ ಸ್ಟ್ರೌಸ್ಟ್ರಪ್, ಕಂಪ್ಯೂಟರ್ ವ್ಯವಸ್ಥೆಯೊಂದರ ಮಾದರಿಯನ್ನು ಸಿಮ್ಯುಲಾದಲ್ಲಿ ಬರೆದರು. ಬರೆಯಲು ಸೊಗಸು, ಓಡಲು ಮಾತ್ರ ವಿಪರೀತ ನಿಧಾನ! ಇಡೀ ಪ್ರೋಗ್ರಾಂ ಬೇರೆ ಭಾಷೆಯಲ್ಲಿ ಮತ್ತೆ ಬರೆಯಬೇಕಾಯಿತು. 1979ರಲ್ಲಿ ಬೆಲ್ ಲ್ಯಾಬ್ಸ್‌ನಲ್ಲಿ ಅವರು ಸಿ ಭಾಷೆಗೆ ಕ್ಲಾಸ್‌ಗಳನ್ನು ಸೇರಿಸತೊಡಗಿದ್ದಕ್ಕೆ ಈ ಅನುಭವವೂ ಕಾರಣ. ಅದೇ ಸಿ++ ಆಯಿತು. ಅದರ ಮೇಲೆ ಕಟ್ಟಿದ ಸಿಸ್ಟಮ್‌ಸಿ ಹಾರ್ಡ್‌ವೇರ್ ಮಾದರಿಗಳಿಗೆಂದೇ ಇರುವ ಸಾಧನ. 2005ರಲ್ಲಿ ಅದಕ್ಕೆ ಐಇಇಇ ಮಾನದಂಡದ ಮನ್ನಣೆ ದೊರೆಯಿತು.

ಅಷ್ಟರಲ್ಲಿ ನೈಗಾರ್ಡ್ ದಾರಿ ಬೇರೆಡೆಗೂ ಹೊರಳಿತ್ತು. ಕಾರ್ಖಾನೆಯ ಕೆಲಸವನ್ನು ಕರಾರುವಾಕ್ಕಾಗಿ ಮಾದರಿಗಿಳಿಸುವ ಸಾಧನ ಆಡಳಿತ ಮಂಡಳಿಯ ಕೈಗಷ್ಟೇ ಸಿಕ್ಕರೆ ಕಾರ್ಮಿಕರ ಗತಿಯೇನು ಎಂಬ ಚಿಂತೆ ಅವರದು. 1970ರ ದಶಕದ ಆರಂಭದಲ್ಲಿ ಕಬ್ಬಿಣ ಮತ್ತು ಲೋಹ ಕಾರ್ಮಿಕರ ಸಂಘದೊಂದಿಗೆ ದುಡಿದು, ಕೆಲಸದ ಜಾಗಕ್ಕೆ ಕಂಪ್ಯೂಟರ್ ಬರುವಾಗ ಕಾರ್ಮಿಕರಿಗೂ ಮಾತಿರಬೇಕೆಂದು ವಾದಿಸಿದರು. ಕೋಡ್ ಬರೆಯುವವರಲ್ಲಿ ಇಂಥವರು ಅಪರೂಪ. ಯುರೋಪಿಯನ್ ಒಕ್ಕೂಟ ಸೇರುವುದನ್ನು ವಿರೋಧಿಸಿದ ಚಳವಳಿಗೂ ಅವರದೇ ಮುಂದಾಳತ್ವ. 1994ರ ಜನಮತಗಣನೆಯಲ್ಲಿ ನಾರ್ವೆ ಬೇಡವೆಂದಿತು.

2001ನೇ ಸಾಲಿನ ಟ್ಯೂರಿಂಗ್ ಪ್ರಶಸ್ತಿ ಡಾಲ್, ನೈಗಾರ್ಡ್ ಇಬ್ಬರಿಗೂ ಸಂದಿತು. 2002ರ ಜೂನ್ 29ರಂದು ಡಾಲ್ ತೀರಿಕೊಂಡರು. ಆರು ವಾರಗಳ ಬಳಿಕ, ಆಗಸ್ಟ್ 10ರಂದು, ನೈಗಾರ್ಡ್ ಕೂಡ.