ತಂಬೆಳಕು ಕಂಡ ಲೋಸೆವ್

ಕನ್ನಡ ಪಾಠ ಹೇಳುವವನಿಗೆ ರಷ್ಯದ ವಿಜ್ಞಾನಿಯೊಬ್ಬನ ಗೊಡವೆ ಏಕೆಂದು ಓದುಗರು ಕೇಳಬಹುದು. ಓಲೆಗ್ ಲೋಸೆವನ ಕೊನೆಯ ದಿನಗಳ ವಿಚಾರ ತಿಳಿದ ಮೇಲೆ ಸುಮ್ಮನಿರಲು ನನ್ನಿಂದಾಗಲಿಲ್ಲ.

ಆತ ಹುಟ್ಟಿದ್ದು 1903ರಲ್ಲಿ, ಟ್ವೆರ್ ಪಟ್ಟಣದಲ್ಲಿ. ಹದಿನಾಲ್ಕನೆಯ ವಯಸ್ಸಿನಲ್ಲಿ ಕೇಳಿದ ಒಂದು ಉಪನ್ಯಾಸ ರೇಡಿಯೋ ಹುಚ್ಚನ್ನು ಹತ್ತಿಸಿತು. ನಿಜ್ನಿ ನೊವ್‌ಗೊರೊದಿನ ರೇಡಿಯೋ ಪ್ರಯೋಗಾಲಯವನ್ನು ಸೇರಿದ್ದಾದರೂ ಓಲೆಕಾರನಾಗಿ! ಇಪ್ಪತ್ತು ತುಂಬುವ ಮೊದಲೇ, 1922ರಲ್ಲಿ, ನಿರ್ವಾತ ಕೊಳವೆಯ ಹಂಗಿಲ್ಲದೆ ಕೇವಲ ಹರಳೊಂದರಿಂದ ವಿದ್ಯುತ್ತಿನ ಆಂದೋಲನಗಳನ್ನು ಹುಟ್ಟಿಸಿ ತೋರಿಸಿದನು.

ಆದರೆ ನನ್ನ ಮನಸ್ಸನ್ನು ಸೆಳೆದದ್ದು ಮತ್ತೊಂದು ಸಂಗತಿ. ಸಾಣೆಕಲ್ಲಿಗೆ ಬಳಸುವ ಕಾರ್ಬೊರಂಡಮ್ಮಿನ ಹರಳಿಗೆ ಲೋಹದ ಮೊನೆಯನ್ನು ತಾಗಿಸಿ ವಿದ್ಯುತ್ತನ್ನು ಹರಿಸಿದಾಗ ಅಲ್ಲಿ ಮಂದವಾದ ಬೆಳಕು ಮೂಡಿತು. ಅದನ್ನು ಮೊದಲು ಕಂಡವನು ಲೋಸೆವನೆಂದು ನಾನು ಹೇಳಲಾರೆ. 1907ರಲ್ಲಿಯೇ ಹೆನ್ರಿ ರೌಂಡ್ ಎಂಬ ಆಂಗ್ಲನು ಕಂಡು, ಪುಟ್ಟ ಟಿಪ್ಪಣಿ ಬರೆದು ಮುಂದೆ ನಡೆದಿದ್ದನು. ಲೋಸೆವನು ಅಲ್ಲಿಯೇ ನಿಂತನು. ಇದು ಕಾದ ವಸ್ತುವಿನ ಬೆಳಕೇ? ಹೊಳೆಯುವ ಹರಳಿನ ಮೇಲೆ ಒಂದು ಹನಿ ಬೆಂಜೀನನ್ನು ಬಿಟ್ಟನು. ಅದು ಥಟ್ಟನೆ ಆರಿಹೋಗಲಿಲ್ಲ; ಮೆಲ್ಲಗೆ, ತನ್ನ ಪಾಡಿಗೆ ಆವಿಯಾಯಿತು. ಬೆಳಕು ತಣ್ಣಗಿತ್ತು. ಬೆಳದಿಂಗಳಿಗೆ ಹಳಗನ್ನಡದಲ್ಲಿರುವ ತಂಬೆಳಗೆಂಬ ಮಾತನ್ನು ಇದಕ್ಕೂ ಸಲ್ಲಿಸುವುದರಲ್ಲಿ ತಪ್ಪೇನೂ ಕಾಣೆ. ಬೆಳಕಿನಿಂದ ವಿದ್ಯುತ್ತು ಹೊಮ್ಮುವುದನ್ನು ಐನ್‌ಸ್ಟೈನ್ ವಿವರಿಸಿದ್ದನಷ್ಟೆ. ಇದು ಅದರ ತಿರುಗುಮುರುಗು ಕ್ರಿಯೆಯೆಂದು ಲೋಸೆವನು ಊಹಿಸಿದನು. ಈ ಬೆಳಕು ಅತಿ ವೇಗವಾಗಿ ಹತ್ತಿ ಆರಬಲ್ಲದೆಂದು ಕಂಡುಕೊಂಡು, ಅದರ ಮೂಲಕ ತಂತಿ ಸುದ್ದಿಯನ್ನೂ ಚಿತ್ರವನ್ನೂ ಕಳುಹಿಸುವ ಸಾಧನಕ್ಕಾಗಿ 1927ರಲ್ಲಿ ಹಕ್ಕುಪತ್ರವನ್ನೂ ಕೋರಿದನು. ಅರೆವಾಹಕಗಳ ಸಿದ್ಧಾಂತವೇ ಇನ್ನೂ ರೂಪುಗೊಳ್ಳದಿದ್ದ ಕಾಲವದು.

ಮುಂದೆ ಲೆನಿನ್‌ಗ್ರಾಡಿಗೆ ಬಂದನು. ಐಯೋಫೆಯ ಆಹ್ವಾನದ ಮೇರೆಗೆ ಅಲ್ಲಿನ ಭೌತ-ತಾಂತ್ರಿಕ ಸಂಸ್ಥೆಯಲ್ಲಿ ಕೆಲಕಾಲ ಸಂಶೋಧನೆ ನಡೆಸಿದನು. 1938ರಲ್ಲಿ, ಪ್ರಬಂಧವನ್ನು ಮಂಡಿಸದೆಯೇ, ಪದವಿಯೊಂದು ದೊರೆಯಿತು. ಹೊಟ್ಟೆಪಾಡಿಗೆ ವೈದ್ಯಕೀಯ ವಿದ್ಯಾರ್ಥಿಗಳಿಗೆ ಭೌತಶಾಸ್ತ್ರವನ್ನು ಬೋಧಿಸುತ್ತಿದ್ದನು. 1941ರ ಸೆಪ್ಟೆಂಬರಿನಲ್ಲಿ ಜರ್ಮನ್ ಸೇನೆ ನಗರವನ್ನು ಮುತ್ತಿತು. 1942ರ ಜನವರಿ 22ರಂದು ಲೋಸೆವನು ಅನ್ನವಿಲ್ಲದೆ ಸತ್ತನು. ವಯಸ್ಸು ಮೂವತ್ತೆಂಟು.

ಇಪ್ಪತ್ತು ವರ್ಷ ಕಳೆದು, 1962ರಲ್ಲಿ, ಅಮೆರಿಕದಲ್ಲಿ ರಾಬರ್ಟ್ ಹಾಲ್ ಅರೆವಾಹಕದ ಲೇಸರನ್ನೂ, ನಿಕ್ ಹೊಲೊನ್ಯಾಕ್ ಕಣ್ಣಿಗೆ ಕಾಣುವ ಕೆಂಬೆಳಕನ್ನೂ ಸಾಧಿಸಿದರು. ಪ್ರಖರವಾದ ನೀಲಿ ದೀಪಕ್ಕೆ 1993ರವರೆಗೆ ಕಾಯಬೇಕಾಯಿತು. ಕೋಣೆಯ ಉಷ್ಣತೆಯಲ್ಲಿ ಎಡೆಬಿಡದೆ ಉರಿಯುವ ಅರೆವಾಹಕ ಲೇಸರನ್ನು 1970ರಲ್ಲಿ ಜ಼ೋರೆಸ್ ಅಲ್ಫೆರೊವನ ತಂಡವು ಬೆಳಗಿಸಿದ್ದು ಲೆನಿನ್‌ಗ್ರಾಡಿನಲ್ಲಿ, ಐಯೋಫೆಯ ಅದೇ ಸಂಸ್ಥೆಯಲ್ಲಿ.