ಗುಳಿಗೆಯ ಹಿಂದಿನ ಸುಬ್ಬಾರಾವ್

ದಢೇಸುಗೂರಿನ ಬೋಧನಾಭ್ಯಾಸದಲ್ಲಿ ನಾನು ಜೀವನಚಿತ್ರಣಕ್ಕೆ ಆರಿಸಿಕೊಂಡ ವಿಜ್ಞಾನಿ ಯಲ್ಲಾಪ್ರಗಡ ಸುಬ್ಬಾರಾವ್. ಮಕ್ಕಳು ಶಾಲೆಯಲ್ಲಿ ವಾರಕ್ಕೊಮ್ಮೆ ನುಂಗುವ ನೀಲಿ ಗುಳಿಗೆಯಲ್ಲಿ ಕಬ್ಬಿಣಾಂಶದ ಜೊತೆ ಫೋಲಿಕ್ ಆಮ್ಲವಿದೆ. ಅದನ್ನು ಪ್ರಯೋಗಾಲಯದಲ್ಲಿ ತಯಾರಿಸಿದ್ದು ಇವರ ತಂಡ. ತುಂಗಭದ್ರಾ ಎಡದಂಡೆ ಕಾಲುವೆಯ ನೀರು ನಂಬಿ ಆಂಧ್ರದಿಂದ ಬಂದು ಸಿಂಧನೂರು ಸೀಮೆಯ ಕ್ಯಾಂಪುಗಳಲ್ಲಿ ನೆಲೆಸಿದವರ ಮಕ್ಕಳಿಗೆ ಅವರ ಊರೂ ಅಪರಿಚಿತವಲ್ಲ.

ಸುಬ್ಬಾರಾವ್ 1895ರಲ್ಲಿ ಭೀಮಾವರಂನಲ್ಲಿ ಹುಟ್ಟಿದರು. ಮೆಟ್ರಿಕ್‌ನಲ್ಲಿ ಎರಡು ಸಲ ನಪಾಸಾಗಿ ಮೂರನೆಯ ಸಲ ಪಾಸಾದರು. ಮದ್ರಾಸ್ ವೈದ್ಯಕೀಯ ಕಾಲೇಜಿನಲ್ಲಿ ಖಾದಿ ತೊಟ್ಟದ್ದು ಪ್ರಾಧ್ಯಾಪಕರಿಗೆ ಹಿಡಿಸಲಿಲ್ಲ, ಎಂ.ಬಿ.ಬಿ.ಎಸ್. ಬದಲು ಅದಕ್ಕಿಂತ ಕಿರಿದಾದ ಎಲ್.ಎಂ.ಎಸ್. ಕೈಗೆ ಬಂತು. ಬಳಿಕ ಬಾಸ್ಟನ್‌ಗೆ ಹೋಗಿ, ಆಸ್ಪತ್ರೆಯಲ್ಲಿ ಕೆಳದರ್ಜೆಯ ಕೆಲಸ ಮಾಡುತ್ತ ಓದಿದರು. 1925ರಲ್ಲಿ ಫಿಸ್ಕ್ ಅವರೊಡನೆ ದೇಹದ್ರವಗಳಲ್ಲಿ ರಂಜಕವನ್ನು ಅಳೆಯುವ ವಿಧಾನ ಪ್ರಕಟಿಸಿದರು. 1940ರಲ್ಲಿ ಲೆಡರ್ಲಿ ಪ್ರಯೋಗಾಲಯ ಸೇರಿದರು.

ಕೋಶ ವಿಭಜನೆಗೆ ಫೋಲಿಕ್ ಆಮ್ಲ ಬೇಕು. ಅದರಂತೆಯೇ ಕಾಣುವ, ಆದರೆ ಅದರ ಕೆಲಸ ಕೆಡಿಸುವ ಅಮಿನಾಪ್ಟೆರಿನ್ ಅನ್ನು ಇವರ ತಂಡ ತಯಾರಿಸಿತು. ಬಾಸ್ಟನ್ನಿನ ಸಿಡ್ನಿ ಫಾರ್ಬರ್ ಅದನ್ನು ರಕ್ತ ಕ್ಯಾನ್ಸರಿನ 16 ಮಕ್ಕಳಿಗೆ ಕೊಟ್ಟಾಗ 10 ಮಕ್ಕಳು ಚೇತರಿಸಿಕೊಂಡರು. ಆ ವರದಿ ಬಂದ 1948ರಲ್ಲೇ ಸುಬ್ಬಾರಾವ್ ತೀರಿಕೊಂಡರು. ತಾಯ್ನಾಡಿಗೆ ಮರಳಲೇ ಇಲ್ಲ.

ಆ ಹತ್ತು ಮಕ್ಕಳು ಬದುಕಿದರಾ ಸರ್ ಎಂದು ಒಂಬತ್ತನೆಯ ತರಗತಿಯ ಹುಡುಗಿಯೊಬ್ಬಳು ಕೇಳಿದಳು. ಚೇತರಿಕೆ ತಾತ್ಕಾಲಿಕ, ರೋಗ ಮರಳಿತು ಎಂದು ನಿಜವನ್ನೇ ಹೇಳಿದೆ. ತರಗತಿ ಸುಮ್ಮನಾಯಿತು. ಮುಂದಿನ ಪಾಠ ಅಲ್ಲಿಂದಲೇ ಹುಟ್ಟಿತು. ಆ ಮದ್ದು ರೋಗದ ಕೋಶವನ್ನಷ್ಟೇ ಅಲ್ಲ, ವೇಗವಾಗಿ ಬೆಳೆಯುವ ಒಳ್ಳೆಯ ಕೋಶವನ್ನೂ ಹೊಡೆಯುತ್ತದೆ. ಹಾಗಾದರೆ ಮದ್ದಿಗೆ ವಿಳಾಸ ಬರೆಯುವುದು ಹೇಗೆ?

ಕೆಲವು ಬಗೆಯ ಕ್ಯಾನ್ಸರ್ ಕೋಶಗಳ ಮೈಮೇಲೆ ಫೋಲಿಕ್ ಆಮ್ಲವನ್ನು ಹಿಡಿಯುವ ಗ್ರಾಹಕಗಳು ಹೆಚ್ಚಿರುತ್ತವೆ. ಆದ್ದರಿಂದ ಪಾಲಿಮರ್‌ನ ನ್ಯಾನೊ ಕಣದೊಳಗೆ ಬೆಳಕಿಗೆ ಸ್ಪಂದಿಸುವ ಮದ್ದನ್ನು ತುಂಬಿ, ಹೊರಮೈಗೆ ಫೋಲಿಕ್ ಆಮ್ಲ ಜೋಡಿಸುತ್ತಾರೆ. ಕಣ ಕೋಶ ಸೇರಿದ ಮೇಲೆ ಆ ಜಾಗಕ್ಕೆ ಬೆಳಕು ಬಿಡುತ್ತಾರೆ. ಮದ್ದು ಅಲ್ಲಿನ ಆಮ್ಲಜನಕವನ್ನು ಉಗ್ರವಾಗಿಸಿ ಕೋಶವನ್ನು ಕೊಲ್ಲುತ್ತದೆ. ಬೆಳಕು ದೇಹದಲ್ಲಿ ಹೆಚ್ಚು ಆಳಕ್ಕೆ ಇಳಿಯದು. ಈ ದಾರಿಯ ಬಹುಪಾಲು ಇನ್ನೂ ಸಂಶೋಧನೆಯಲ್ಲಿದೆ. ಇದನ್ನೂ ಕರಿಹಲಗೆಯ ಮೇಲೆ ಬರೆದೆ. ಮನೆಯಲ್ಲಿ ರೋಗಿಯಿರುವ ಮಗು ಹುಸಿ ಭರವಸೆ ಹೊತ್ತು ಹೋಗಬಾರದು.

ಸಹ ಪ್ರಶಿಕ್ಷಣಾರ್ಥಿಗಳಿಗೆ ನನ್ನ ಸಲಹೆ ಇಷ್ಟೆ: ವಿಜ್ಞಾನಿಯ ಬದುಕು ಹೇಳುವಾಗ ನಪಾಸಾದ ವರ್ಷಗಳನ್ನೂ ಗುಣವಾಗದ ರೋಗಿಗಳನ್ನೂ ಬಿಡಬೇಡಿ. ಮಕ್ಕಳ ಪ್ರಶ್ನೆ ಹುಟ್ಟುವುದು ಅಲ್ಲೇ.