ವಿಲಿಯಂ ಕೋಲಿ

ವಿಲಿಯಂ ಬ್ರಾಡ್ಲಿ ಕೋಲಿ (ಜನವರಿ 12, 1862 – ಏಪ್ರಿಲ್ 16, 1936) ಅಮೆರಿಕದ ಶಸ್ತ್ರವೈದ್ಯರು. ದೇಹದ ರೋಗನಿರೋಧಕ ವ್ಯವಸ್ಥೆಯನ್ನು ಪ್ರಚೋದಿಸಿ ಕ್ಯಾನ್ಸರ್ ಗಡ್ಡೆಗಳನ್ನು ಕರಗಿಸಲು ಯತ್ನಿಸಿದ ಇವರನ್ನು ಕ್ಯಾನ್ಸರ್ ಇಮ್ಯುನೊಥೆರಪಿಯ ಪಿತಾಮಹರೆಂದು ಕರೆಯಲಾಗುತ್ತದೆ.

ಆರಂಭಿಕ ಜೀವನ

ಕನೆಕ್ಟಿಕಟ್ ರಾಜ್ಯದ ವೆಸ್ಟ್‌ಪೋರ್ಟ್‌ನಲ್ಲಿ ಜನಿಸಿದ ಕೋಲಿಯವರು ಯೇಲ್‌ನಲ್ಲಿ ಓದಿ, 1888ರಲ್ಲಿ ಹಾರ್ವರ್ಡ್‌ನಿಂದ ವೈದ್ಯಕೀಯ ಪದವಿ ಪಡೆದು ನ್ಯೂಯಾರ್ಕ್‌ನಲ್ಲಿ ವೃತ್ತಿ ಆರಂಭಿಸಿದರು.

ಸೋಂಕಿನಿಂದ ಚಿಕಿತ್ಸೆ

1890ರಲ್ಲಿ ಕೈಯ ಸಾರ್ಕೋಮಾದಿಂದ ಬಳಲುತ್ತಿದ್ದ 17 ವರ್ಷದ ಯುವತಿಯೊಬ್ಬಳು ಅವರ ಬಳಿ ಬಂದಳು. ಮುಂಗೈಯನ್ನು ಕತ್ತರಿಸಿ ತೆಗೆದರೂ ರೋಗ ದೇಹವೆಲ್ಲ ಹರಡಿ, ಮರುವರ್ಷದ ಜನವರಿಯಲ್ಲಿ ಆಕೆ ತೀರಿಕೊಂಡಳು. ಈ ಸಾವು ಕೋಲಿಯವರನ್ನು ಆಸ್ಪತ್ರೆಯ ಹಳೆಯ ದಾಖಲೆಗಳತ್ತ ತಿರುಗಿಸಿತು. ಹಲವು ಶಸ್ತ್ರಚಿಕಿತ್ಸೆಗಳ ನಂತರವೂ ಕುತ್ತಿಗೆಯ ಗಡ್ಡೆ ಮರುಕಳಿಸಿದ್ದ ರೋಗಿಯೊಬ್ಬನಿಗೆ ಎರಿಸಿಪೆಲಾಸ್ ಎಂಬ ಚರ್ಮದ ಸೋಂಕು ತಗುಲಿ, ತೀವ್ರ ಜ್ವರ ಬಂದು, ಗಡ್ಡೆ ಮಾಯವಾಗಿದ್ದ ವಿವರ ಅಲ್ಲಿತ್ತು. ಕೋಲಿಯವರು ಆತನನ್ನು ಹುಡುಕಿ ಪತ್ತೆಹಚ್ಚಿದಾಗ, ಏಳು ವರ್ಷ ಕಳೆದಿದ್ದರೂ ಆತ ಆರೋಗ್ಯವಾಗಿದ್ದ.

1891ರಲ್ಲಿ ಗಂಟಲಿನ ಗಡ್ಡೆಯಿದ್ದ ಇಟಲಿ ಮೂಲದ ರೋಗಿಗೆ ಅವರು ಜೀವಂತ ಸ್ಟ್ರೆಪ್ಟೊಕಾಕಸ್ ಬ್ಯಾಕ್ಟೀರಿಯಾವನ್ನು ಚುಚ್ಚಿದರು. ತೀವ್ರ ಸೋಂಕಿನ ನಂತರ ಗಡ್ಡೆ ಕುಗ್ಗಿ, ಆತ ಸುಮಾರು 8 ವರ್ಷ ಬದುಕಿದ. ಆದರೆ ಪ್ರತಿಜೀವಕಗಳಿಲ್ಲದ ಆ ಕಾಲದಲ್ಲಿ ಇದು ಅಪಾಯಕಾರಿಯಾಗಿತ್ತು. ಕೆಲವರು ಸೋಂಕಿನಿಂದಲೇ ಮೃತಪಟ್ಟರು. ಹೀಗಾಗಿ ಅವರು ಕೊಂದ ಬ್ಯಾಕ್ಟೀರಿಯಾಗಳ ಮಿಶ್ರಣವನ್ನು ಬಳಸತೊಡಗಿದರು. ಇದೇ ಮುಂದೆ ಕೋಲಿ ಟಾಕ್ಸಿನ್ ಎಂದು ಹೆಸರಾಯಿತು. 1893ರಲ್ಲಿ ಹೊಟ್ಟೆಯ ದೊಡ್ಡ ಗಡ್ಡೆಗೆ ಇದನ್ನು ಪಡೆದ 16 ವರ್ಷದ ಹುಡುಗ, 26 ವರ್ಷಗಳ ನಂತರ ಹೃದಯಾಘಾತದಿಂದ ನಿಧನನಾದ.

ವಿರೋಧ

ಮಿಶ್ರಣದ ತಯಾರಿಕೆ ಏಕರೂಪವಾಗಿರಲಿಲ್ಲ, ಪ್ರಮಾಣವೂ ರೋಗಿಯಿಂದ ರೋಗಿಗೆ ಬದಲಾಗುತ್ತಿತ್ತು, ರೋಗಿಗಳ ಮುಂದಿನ ಸ್ಥಿತಿಯ ದಾಖಲೆಗಳು ಅಪೂರ್ಣವಾಗಿದ್ದವು. ಆದ್ದರಿಂದ ಟೀಕೆಗಳು ನಿರಾಧಾರವಾಗಿರಲಿಲ್ಲ. ಮೆಮೋರಿಯಲ್ ಆಸ್ಪತ್ರೆಯ ರೋಗಶಾಸ್ತ್ರಜ್ಞ ಜೇಮ್ಸ್ ಯೂಯಿಂಗ್ ವಿಕಿರಣ ಚಿಕಿತ್ಸೆಯ ಪರವಾಗಿದ್ದು, ಕೋಲಿಯವರ ಪದ್ಧತಿಯನ್ನು ಬಲವಾಗಿ ವಿರೋಧಿಸಿದರು. ಕ್ರಮೇಣ ಅದು ಬಳಕೆಯಿಂದ ಮರೆಯಾಯಿತು.

ಮರುಮೌಲ್ಯಮಾಪನ

ಮಗಳು ಹೆಲೆನ್ ಕೋಲಿ ನಾಟ್ಸ್ ವೈದ್ಯೆಯಲ್ಲದಿದ್ದರೂ ತಂದೆಯ ಕಾಗದಪತ್ರಗಳನ್ನು ವರ್ಷಗಟ್ಟಲೆ ಪರಿಶೀಲಿಸಿ, 1953ರಲ್ಲಿ ನ್ಯೂಯಾರ್ಕ್‌ನ ಕ್ಯಾನ್ಸರ್ ರಿಸರ್ಚ್ ಇನ್‌ಸ್ಟಿಟ್ಯೂಟ್‌ನ ಸ್ಥಾಪಕರಲ್ಲಿ ಒಬ್ಬರಾದರು.

ಕೋಲಿಯವರ ಕಾಲದಲ್ಲಿ ಗಡ್ಡೆ ಏಕೆ ಕರಗಿತೆಂದು ವಿವರಿಸಲು ಬೇಕಾದ ಜ್ಞಾನವೇ ಇರಲಿಲ್ಲ. ಗಡ್ಡೆಯ ಕೋಶಗಳನ್ನು ಕೊಲ್ಲುವ ಸಹಜ ಮಾರಕ ಕೋಶಗಳು, ಅಂದರೆ ಎನ್‌ಕೆ ಕೋಶಗಳು, 1975ರ ವೇಳೆಗಷ್ಟೇ ಗುರುತಿಸಲ್ಪಟ್ಟವು. ಆರೋಗ್ಯವಂತ ಕೋಶಗಳ ಮೇಲ್ಮೈಯಲ್ಲಿರುವ ಎಂಎಚ್‌ಸಿ ಒಂದನೇ ವರ್ಗದ ಪ್ರೋಟೀನುಗಳು ಇವನ್ನು ತಡೆದು ನಿಲ್ಲಿಸುತ್ತವೆ. ಅನೇಕ ಕ್ಯಾನ್ಸರ್ ಕೋಶಗಳು ಆ ಪ್ರೋಟೀನನ್ನು ಕಳೆದುಕೊಂಡು, ಒತ್ತಡದ ಗುರುತುಗಳನ್ನು ಹೊರತೋರುತ್ತವೆ. ಆಗ ಎನ್‌ಕೆ ಕೋಶವು ಪರ್ಫೋರಿನ್‌ನಿಂದ ಅವುಗಳ ಪೊರೆಯಲ್ಲಿ ರಂಧ್ರ ಮಾಡಿ, ಗ್ರಾಂಜೈಮ್‌ಗಳನ್ನು ಒಳಸೇರಿಸಿ ಕೊಲ್ಲುತ್ತದೆ. ಬ್ಯಾಕ್ಟೀರಿಯಾದ ಅಂಶಗಳು ದೇಹದಲ್ಲಿ ಇಂಟರ್‌ಲ್ಯೂಕಿನ್-12ರಂತಹ ಸಂಕೇತಗಳನ್ನು ಹೊರಡಿಸಿ ಈ ಕೋಶಗಳನ್ನು ಚುರುಕುಗೊಳಿಸುತ್ತವೆ. ಕೋಲಿಯವರ ರೋಗಿಗಳಲ್ಲಿ ಇದರ ಪಾಲು ಎಷ್ಟಿತ್ತೆಂದು ಉಳಿದಿರುವ ದಾಖಲೆಗಳಿಂದ ನಿರ್ಧರಿಸಲಾಗದು.